ಹೈರಮ್ ಲಸ್ಕನ ಉಳಿದ ಕಿವಿ

ನೋಲಿಚಕಿ ಹೊಳೆಯ ಎರಡೂ ದಂಡೆ ಹುಡುಕಿದರೂ ಹೈರಮ್ ಲಸ್ಕನಂಥ ಪುಕ್ಕಲ ಸಿಗುತ್ತಿರಲಿಲ್ಲ. ಈ ಮಾತನ್ನು ಅವನ ಹೆಂಡತಿ ಇಸ್ಬೆಲ್ ನಾಲ್ಕು ಜನರೆದುರು ಹೇಳುತ್ತಿದ್ದಳು, ಅವನೂ ಅಲ್ಲವೆನ್ನುತ್ತಿರಲಿಲ್ಲ. ಗುಡುಗು ಕೇಳಿದರೆ, ಗುರುತಿಲ್ಲದ ಕುದುರೆ ದಾರಿಯಲ್ಲಿ ಕಂಡರೆ, ಪಾದ್ರಿ ಉಪದೇಶದ ನಡುವೆ ಅವನ ಕಡೆ ನೋಡಿದರೆ ಸಾಕು, ಅವನ ಬಲಗೈ ತಾನಾಗಿ ಎದ್ದು ಬಲಗಿವಿಯನ್ನು ಮುಟ್ಟಿ ನೋಡಿಕೊಳ್ಳುತ್ತಿತ್ತು. ಎಡಗಿವಿಯನ್ನು ಮುಟ್ಟುವ ಹಾಗಿರಲಿಲ್ಲ, ಅದು ಇರಲೇ ಇಲ್ಲ.

ಅದು ಹೋದದ್ದು ಅವನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಜೋಳದ ತೆನೆ ಸುಲಿಯುವ ದಿನ ಊರೆಲ್ಲ ಸೇರಿ ಕುಡಿದಿತ್ತು. ಒಬ್ಬ ಗಾಡಿಯವನು ಜಗಳ ತೆಗೆದು, ಬೇರೆ ಯಾರೂ ಕೈಗೆ ಸಿಗದೆ, ಬಿಡಿಸಲು ಬಂದ ಹೈರಮನ ಕಿವಿಯನ್ನೇ ಕಚ್ಚಿ ಉಗಿದ. ನೋವು ಹದಿನೈದು ದಿನದಲ್ಲಿ ಮಾಯಿತು. ಹೆದರಿಕೆ ಮಾಯಲಿಲ್ಲ. ಏಕೆಂದರೆ ನಮ್ಮಲ್ಲಿ ಕುದುರೆ ಕದ್ದವನಿಗೆ, ಖೋಟಾ ನಾಣ್ಯ ಮಾಡಿದವನಿಗೆ ಕೋರ್ಟಿನವರು ಕಿವಿಯನ್ನು ಕಂಬಕ್ಕೆ ಮೊಳೆ ಹೊಡೆದು ಕತ್ತರಿಸುತ್ತಾರೆ. ಕಿವಿಯಿಲ್ಲದವನನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ, ಹೆಣ್ಣು ಕೊಡುವ ಮಾತಂತೂ ದೂರ. ಅದಕ್ಕೇ ಜಗಳದಲ್ಲಿ ಕಿವಿ ಕಳೆದುಕೊಂಡವರು ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಕೋರ್ಟಿಗೆ ಹೋಗಿ, 'ಇವನ ಕಿವಿ ಹೋದದ್ದು ಕಚ್ಚಿಸಿಕೊಂಡು, ಅಪರಾಧಕ್ಕಲ್ಲ' ಎಂದು ಕಾಗದ ಬರೆಸಿ ಮೊಹರು ಹಾಕಿಸುತ್ತಾರೆ. ಹೈರಮನೂ ಬರೆಸಿದ. ಬೈಬಲ್ಲಿನ ನಡುವೆ ಮಡಿಸಿಟ್ಟ ಆ ಕಾಗದವನ್ನು ಇಸ್ಬೆಲ್ ಮದುವೆಗೆ ಒಪ್ಪುವ ಮುನ್ನ ಮೂರು ಸಲ ಓದಿದ್ದಳು. ಈಗ ಉಳಿದದ್ದು ಒಂದು ಕಿವಿ. ಅದೊಂದು ಇರುವವರೆಗೆ ತಾನು ಮರ್ಯಾದಸ್ಥ ಎಂದು ಅವನು ನಂಬಿದ್ದ.

ನಾನು ಹೇಳುತ್ತಿರುವುದು ಬೆಟ್ಟದ ಈಚೆಯ ನಾವು ಕ್ಯಾರೊಲೈನಾದಿಂದ ಬಿಡಿಸಿಕೊಂಡು ನಮ್ಮದೇ ಒಂದು ರಾಜ್ಯ ಕಟ್ಟಿಕೊಂಡಿದ್ದ ಕಾಲದ ಮಾತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಕತೆ ಅದು. ಗವರ್ನರ್ ಇದ್ದರು, ನ್ಯಾಯಾಧೀಶರಿದ್ದರು, ಇಪ್ಪತ್ತನಾಲ್ಕು ಜನರ ಶಾಸನಸಭೆ ಇತ್ತು. ನಾಣ್ಯ ಮಾತ್ರ ಇರಲಿಲ್ಲ. ಆದ್ದರಿಂದ ಕಂದಾಯವೂ ತೊಗಲಿನಲ್ಲಿ, ಸಂಬಳವೂ ತೊಗಲಿನಲ್ಲಿ. ಗವರ್ನರಿಗೆ ವರ್ಷಕ್ಕೆ ಸಾವಿರ ಜಿಂಕೆ ತೊಗಲು, ಸಭೆಯ ಸದಸ್ಯನಿಗೆ ದಿನಕ್ಕೆ ಮೂರು ರಕೂನ್ ತೊಗಲು. ಈ ತೊಗಲುಗಳನ್ನು ಇಡಲು ಕೋರ್ಟಿನ ಹಿಂದೆ ಒಂದು ಮರದ ಉಗ್ರಾಣ ಕಟ್ಟಿದರು. ಕಾಯಲು ಯಾರು ಎಂದಾಗ ಎಲ್ಲರ ಬಾಯಲ್ಲೂ ಒಂದೇ ಹೆಸರು ಬಂತು. ಅಂಜುವವನು ಕದಿಯುವುದಿಲ್ಲ ಎಂಬುದು ಅವರ ಲೆಕ್ಕ. ವರ್ಷಕ್ಕೆ ಇಪ್ಪತ್ತು ರಕೂನ್ ತೊಗಲಿಗೆ ಹೈರಮ್ ಒಪ್ಪಿಕೊಂಡ. ಬೇಡವೆನ್ನಲು ಅವನಿಗೆ ಧೈರ್ಯ ಬರಲಿಲ್ಲ.

ಉಗ್ರಾಣದ ಪದ್ಧತಿ ಹೀಗಿತ್ತು. ಕಂದಾಯ ಕೊಡುವವನು ಹತ್ತು ತೊಗಲನ್ನು ಕೂದಲು ಒಳಗೆ ಬರುವಂತೆ ಮಡಿಸಿ, ಹಿಕರಿ ಮರದ ನಾರಿನಲ್ಲಿ ಬಿಗಿದು, ಬಾಲಗಳನ್ನಷ್ಟೇ ಹೊರಗೆ ಇಳಿಬಿಟ್ಟು ತರುತ್ತಿದ್ದ. ಹೈರಮ್ ಬಾಲ ಎಣಿಸುತ್ತಿದ್ದ. ಹತ್ತು ಬಾಲ ಇದ್ದರೆ ಹತ್ತು ತೊಗಲು. ಕಟ್ಟು ಬಿಚ್ಚಿ ನೋಡುವುದು ನೆರೆಯವನನ್ನು ಮುಖದ ಮೇಲೆ ಕಳ್ಳ ಎಂದ ಹಾಗೆ, ಅದಕ್ಕೆ ಕೋವಿಯೇ ಉತ್ತರ ಕೊಡುತ್ತಿತ್ತು. ಸಂಬಳ ಪಡೆದವರೂ ಬಿಚ್ಚದೆ ಹಾಗೆಯೇ ಅಂಗಡಿಯವನಿಗೆ ದಾಟಿಸುತ್ತಿದ್ದರು. ಹೈರಮನಂತೂ ಯಾರ ಕಟ್ಟಿನ ಗಂಟನ್ನೂ ಬೆರಳಲ್ಲಿ ಒತ್ತಿ ಸಹ ನೋಡಿದವನಲ್ಲ.

ಆದರೆ ಪುಕ್ಕಲನ ಬುದ್ಧಿಯೇ ಬೇರೆ. ನಾಳೆ ಯಾರಾದರೂ ಬಂದು, ನಾನು ನಾಲ್ಕು ಕಟ್ಟು ಕೊಟ್ಟಿದ್ದೆ, ಮೂರು ಅಂತೀಯಲ್ಲ ಎಂದರೆ ಏನು ಗತಿ? ಹಂದಿಗಳನ್ನು ಕಾಡಿಗೆ ಬಿಟ್ಟು ಮೇಯಿಸುವ ನಮ್ಮಲ್ಲಿ ಒಂದೊಂದು ಮನೆಗೂ ಒಂದೊಂದು ಕಿವಿಗುರುತು ಇದೆ. ಒಬ್ಬನದು ಬಲಗಿವಿಗೆ ಎರಡು ಸೀಳು, ಇನ್ನೊಬ್ಬನದು ಎಡಗಿವಿಯ ತುದಿ ಚೂಪು. ಕಣಿವೆಯ ಮಗುವಿಗೂ ಯಾರ ಗುರುತು ಯಾವುದೆಂದು ಬಾಯಿಪಾಠ. ಹೈರಮ್ ಒಂದೊಂದು ಮರದ ಚಕ್ಕೆಯ ಮೇಲೆ ಕೊಟ್ಟವನ ಹಂದಿಗುರುತು ಕೆತ್ತಿ, ಯಾರಿಗೂ ಕಾಣದಂತೆ ಕಟ್ಟಿನ ನಾರಿನ ಒಳಗೆ ಸಿಕ್ಕಿಸಿಡುತ್ತಿದ್ದ. ಇದು ಅವನಿಗೂ ಇಸ್ಬೆಲ್ಲಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆ ವರ್ಷ ಮಾರ್ಚಿನಲ್ಲಿ ಸಭೆ ಸೇರಿದಾಗ ಎದ್ದದ್ದು ಸಂಬಳದ ಜಗಳ. ಬೇಲಿಗೆ ಒರಗಿ ನಿಂತ ಜನ ದಿನವೂ ಬೈಯುತ್ತಿದ್ದರು.

"ಬೆಳಗಿಂದ ಸಂಜೆವರ್ಗೂ ಬಾಯಿ ಬಡ್ಕೊಳ್ಳೋಕೆ ಮೂರು ತೊಗಲು. ನಾನೊಂದು ರಕೂನ್ ಹೊಡೀಬೇಕಾದ್ರೆ ಮೂರು ರಾತ್ರಿ ಮರದ ಬುಡದಲ್ಲಿ ನಡುಗ್ಬೇಕು."

"ಅವ್ರೂ ನಡುಗ್ತಾರೆ ಬಿಡಪ್ಪ, ಎಲ್ಲಿ ಕಡಿಮೆ ಮಾಡ್ಬಿಡ್ತೀರೋ ಅಂತ."

ಚರ್ಚಿನ ಹಿರಿಯ ಅಬ್ನರ್ ಗಿಲ್‌ಕ್ರಿಸ್ಟ್ ಜನರ ಪರ. ಎರಡು ತೊಗಲು ಸಾಕು, ಸೇವೆಗೆ ಕೂಲಿ ಯಾಕೆ ಎಂಬುದು ಅವನ ವಾದ. ಕ್ಯಾಪ್ಟನ್ ಡಂಕನ್ ಟೆಲ್ಫರ್ ಎದುರು ಪಕ್ಷ. "ಹಿರಿಯರೇ, ನಿಮ್ಗೆ ಇನ್ನೂರು ಎಕರೆ ಇದೆ, ಪುಕ್ಕಟೆ ಬಂದು ಕೂರ್ತೀರಿ. ಉಳುಮೆ ಬಿಟ್ಟು ಬರೋ ಬಡವ ಏನು ತಿನ್ನಬೇಕು? ನಾಲ್ಕಾದ್ರೂ ಬೇಕು" ಎನ್ನುತ್ತಿದ್ದ. ಟೆಲ್ಫರನಿಗೆ ಮುನ್ನೂರು ಎಕರೆ ಇತ್ತು. ಆದರೂ ಮಾತಿನಲ್ಲಿ ಹುರುಳಿಲ್ಲವೆನ್ನುವಂತಿರಲಿಲ್ಲ. ಹೀಗೆ ಹನ್ನೆರಡು ದಿನ ನಡೆಯಿತು. ಸಂಬಳದ ಮೇಲೆ ವಾದಿಸಿದ ಹನ್ನೆರಡು ದಿನಕ್ಕೂ ಇಬ್ಬರೂ ಸಂಬಳ ತೆಗೆದುಕೊಂಡರು. ಉಗ್ರಾಣದಲ್ಲಿ ನಲವತ್ತೊಂದು ಕಟ್ಟು ಉಳಿದವು.

ಹದಿಮೂರನೆಯ ದಿನ ಮಧ್ಯಾಹ್ನ ಒಬ್ಬ ಸದಸ್ಯ ತನ್ನ ಪಾಲಿನ ಕಟ್ಟನ್ನು ಕುದುರೆಗೆ ಹೇರಿ ಊಟಕ್ಕೆ ಹೋಗಿದ್ದ. ಒಂದು ನಾಯಿ ಇಳಿಬಿದ್ದ ಬಾಲ ಹಿಡಿದು ಎಳೆಯಿತು. ಬಾಲ ಕಿತ್ತು ಬಂತು, ತೊಗಲು ಅಲ್ಲೇ ಉಳಿಯಿತು. ಜನ ನಕ್ಕು ಹತ್ತಿರ ಹೋಗಿ ನೋಡಿದರೆ, ಒಳಗಿದ್ದದ್ದು ರಕೂನ್ ಅಲ್ಲ, ಪಾಸಮ್. ರಕೂನಿನದು ಉಂಗುರ ಉಂಗುರದ ದಪ್ಪ ಬಾಲ, ಬೆಲೆಯುಳ್ಳ ತೊಗಲು. ಪಾಸಮ್ಮಿನದು ಇಲಿಯ ಹಾಗೆ ಬೋಳು ಬಾಲ. ಅದರ ತೊಗಲನ್ನು ಕಾಲೊರಸಲು ಹಾಕಿದರೂ ಹಾಕಿದವನಿಗೇ ನಾಚಿಕೆ. ಯಾರೋ ಪಾಸಮ್ಮಿನ ಬಾಲ ಕತ್ತರಿಸಿ ರಕೂನ್ ಬಾಲ ಹೊಲಿದಿದ್ದರು.

ಗಿಲ್‌ಕ್ರಿಸ್ಟ್ ಆ ಬಾಲವನ್ನು ಸಭೆಯ ಮೇಜಿನ ಮೇಲೆ ಎಸೆದ. ನೀವು ಸಂಬಳದ ಆಸೆಗೆ ಖಜಾನೆಯನ್ನೇ ತಿಂದಿರಿ ಎಂದಿತು ಒಂದು ಪಕ್ಷ. ಜನರೇ ಕಂದಾಯದಲ್ಲಿ ಮೋಸ ಮಾಡಿದ್ದಾರೆ, ಇನ್ನು ಅವರ ಮಾತು ಕೇಳಿ ಸಂಬಳ ಇಳಿಸಬೇಕೇ ಎಂದಿತು ಇನ್ನೊಂದು ಪಕ್ಷ. ಹನ್ನೆರಡು ದಿನದಲ್ಲಿ ಒಂದು ಮಾತಿಗೂ ಒಪ್ಪದ ಇಬ್ಬರೂ ಈಗ ಒಂದಕ್ಕೆ ಒಪ್ಪಿದರು: ತೊಗಲೇ ನಮ್ಮ ನಾಣ್ಯ, ಖೋಟಾ ನಾಣ್ಯಕ್ಕೆ ಇರುವ ಶಿಕ್ಷೆಯೇ ಇದಕ್ಕೂ. ನಾಳೆ ಬೆಳಿಗ್ಗೆ ಉಗ್ರಾಣದವನನ್ನು ವಿಚಾರಿಸುವುದು.

ಜಗುಲಿಯಲ್ಲಿ ನಿಂತಿದ್ದ ಹೈರಮ್ ಇದನ್ನು ಕೇಳಿಸಿಕೊಂಡ. ಬಲಗೈ ಕಿವಿಗೆ ಹೋದದ್ದು ಅಲ್ಲೇ ಅಂಟಿಕೊಂಡಿತು.

ಅವನು ಉಗ್ರಾಣಕ್ಕೆ ಹೋಗಿ ಒಳಗಿಂದ ಅಗುಳಿ ಹಾಕಿಕೊಂಡು, ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬನ ಕಟ್ಟು ಬಿಚ್ಚಿದ. ಹತ್ತಕ್ಕೆ ಹತ್ತೂ ಪಾಸಮ್. ಹೊಲಿಗೆಯನ್ನು ಬೆಳಕಿಗೆ ಹಿಡಿದ. ಆಕ್ರೋಡು ಸಿಪ್ಪೆಯ ಬಣ್ಣ ಹಾಕಿ ಮೇಣ ಸವರಿದ ಕಂದು ದಾರ, ಮೂರು ಹೊಲಿಗೆಗೊಮ್ಮೆ ಹಿಂದೆ ಬಂದು ಹಾಕಿದ ಒಂದು ಗಂಟು. ಅವನು ತೊಟ್ಟಿದ್ದ ಅಂಗಿಯ ತೋಳಿಗೂ ಅದೇ ದಾರ, ಅದೇ ಗಂಟು. ನಾರಿನೊಳಗಿನ ಚಕ್ಕೆ ತೆಗೆದು ನೋಡಿದ. ಬಲಗಿವಿಗೆ ಎರಡು ಸೀಳು: ಟೆಲ್ಫರನ ಹಂದಿ.

ಬಾಗಿಲು ತಟ್ಟಿದ ಸದ್ದಾಯಿತು. ಚಕ್ಕೆಯನ್ನು ಅಂಗಿಯೊಳಗೆ ಹಾಕಿಕೊಂಡು ಅಗುಳಿ ತೆಗೆದರೆ ಎದುರಿಗೆ ಟೆಲ್ಫರನೇ ನಿಂತಿದ್ದ. ಬಿಚ್ಚಿದ ಕಟ್ಟನ್ನು ನೋಡಿದ. ನಗುತ್ತ ಒಳಗೆ ಬಂದು, ಎರಡು ಬೆರಳಲ್ಲಿ ಹೈರಮನ ಬಲಗಿವಿಯ ತುದಿ ಹಿಡಿದ.

"ಒಂದೇ ಇರೋದು ಅಂತ ಚೆನ್ನಾಗಿ ಜೋಪಾನ ಮಾಡಿದ್ದೀಯ ಕಣೋ."

"ಕ್ಯಾಪ್ಟನ್ರೇ, ನಂಗೇನೂ ಗೊತ್ತಿಲ್ಲ."

"ನಂಗ್ಗೊತ್ತು, ನಿಂಗೇನೂ ಗೊತ್ತಿಲ್ಲ. ನಾಳೆ ಕೇಳಿದ್ರೆ ಹೀಗನ್ನು. ಬೀಗ ಹಾಕೋದು ಮರೆತು ಮಲಗ್ಬಿಟ್ಟೆ, ಕ್ಯಾರೊಲೈನಾ ಕಡೆಯವ್ರು ಬಂದು ಬದಲಾಯಿಸಿರ್ಬೇಕು ಅನ್ನು."

"ಹಾಗಂದ್ರೆ ತಪ್ಪು ನಂದೇ ಅಂತಾಗುತ್ತಲ್ಲ."

"ಮೂವತ್ತೊಂಬತ್ತು ಏಟು ಬೀಳುತ್ತೆ. ಕಿವಿ ಉಳ್ಸೋಕೆ ನಾನು ಮಾತಾಡ್ತೀನಿ. ಬೇರೆ ಏನಾದ್ರೂ ಅಂದ್ಯೋ, ಆ ಹೊಲಿಗೆ ಯಾರ ಕೈದು ಅಂತ ನನ್ನ ಹೆಂಡ್ತಿ ಬಂದು ಹೇಳ್ತಾಳೆ. ಹೆಂಗಸ್ರ ಕಿವೀನೂ ಕಿವೀನೇ, ಹೈರಮ್."

ಅವನು ಹೋದ ಮೇಲೆ ಹೈರಮ್ ಒಂದು ತೊಗಲನ್ನು ಅಂಗಿಯೊಳಗೆ ತುರುಕಿಕೊಂಡು ಮನೆಗೆ ಓಡಿದ. ಇಸ್ಬೆಲ್ ಅಂಗಳದಲ್ಲಿ ಸೋಪು ಕಾಯಿಸುತ್ತಿದ್ದಳು. ಅವನು ತೊಗಲನ್ನು ಅವಳ ಕಾಲ ಬಳಿ ಹಾಕಿದ. ಅವಳು ಬಗ್ಗಿ ನೋಡಿ ಸೌಟನ್ನು ಕೆಳಗಿಟ್ಟಳು.

"ನಿಂದೇ ಅಲ್ವಾ ಇದು?"

"ನಂದೇ. ಟೆಲ್ಫರ್ ಹೆಂಡ್ತಿ ಚಳಿಗಾಲದಲ್ಲಿ ಅರವತ್ತು ತಂದು ಹಾಕಿದ್ಲು, ಬಾಲಾನೂ ಬೇರೆ ತಂದಿದ್ಲು. ಗಂಡನ ಕಡೆ ಸಿಪಾಯಿಗಳಿಗೆ ಟೋಪಿ ಮಾಡಿಸ್ಬೇಕು ಅಂದ್ಲು. ಒಂದು ಮಡಕೆ ಉಪ್ಪು ಕೊಟ್ಲು."

"ಟೋಪಿ ಅಂತ ನೀನು ನಂಬಿದ್ಯಾ?"

"ಹತ್ತು ಹೊಲಿಯೋವರ್ಗೂ ನಂಬಿದ್ದೆ. ಆಮೇಲೆ ಉಪ್ಪಿನ ಮಡಕೆ ನೋಡ್ದೆ." ಅವಳು ಮತ್ತೆ ಸೌಟು ಕೈಗೆತ್ತಿಕೊಂಡು ಹೇಳಿದಳು, "ಆ ಉಪ್ಪು ಇಲ್ದಿದ್ರೆ ಜನವರಿಲಿ ನಮ್ಮ ಹಂದಿಮಾಂಸ ಕೊಳೆತು ಹೋಗ್ತಿತ್ತು. ನೀನೂ ತಿಂದೆ, ರುಚಿಯಾಗಿದೆ ಅಂದೆ."

ಹೈರಮ್ ಟೆಲ್ಫರ್ ಬಂದದ್ದನ್ನು, ಆಡಿದ್ದನ್ನು ಹೇಳಿದ. ಓಡಿಹೋಗೋಣ, ಈ ಸಂಜೆಯೇ ಬೆಟ್ಟ ದಾಟೋಣ ಎಂದ. ಓಡಿದರೆ ಕಳ್ಳ ಎಂದು ನಾವೇ ಒಪ್ಪಿಕೊಂಡ ಹಾಗೆ, ಒಂದು ಕಿವಿ ಇಲ್ಲದ ನಿನ್ನನ್ನು ಗುರುತು ಹಿಡಿಯಲು ಎಷ್ಟು ಹೊತ್ತು ಎಂದಳು ಅವಳು. ಅವಳ ಮುಖವೂ ಬಿಳಿಚಿಕೊಂಡಿತ್ತು. ಅವಳು ಹೆದರಿದ್ದನ್ನು ಅವನು ಕಂಡದ್ದು ಅದೇ ಮೊದಲು. ಅದು ಅವನಿಗೆ ಟೆಲ್ಫರನ ಬೆರಳುಗಳಿಗಿಂತ ಹೆಚ್ಚು ಭಯ ತಂದಿತು.

ಕೊನೆಗೆ ಅವಳೇ ಕೇಳಿದಳು, "ನಾನು ಹೊಲಿದದ್ದು ಅರವತ್ತು, ಅಂದ್ರೆ ಆರು ಕಟ್ಟು. ಉಗ್ರಾಣದಲ್ಲಿ ಸುಳ್ಳು ಕಟ್ಟು ಆರೇ ಇವೆಯಾ?"

ಇಬ್ಬರೂ ಹೋಗಿ ಕತ್ತಲಾಗುವ ಮುನ್ನ ನಲವತ್ತೊಂದನ್ನೂ ಬಿಚ್ಚಿ ನೋಡಿದರು. ಹತ್ತೊಂಬತ್ತು ಸುಳ್ಳು. ಬಿಳಿ ನೂಲಿನ ಹೊಲಿಗೆ, ಜಿಂಕೆ ನರದ ಹೊಲಿಗೆ, ಒಂದರಲ್ಲಂತೂ ಬರಿಯ ಅಂಟು. ಹೈರಮ್ ಒಂದೊಂದೇ ಚಕ್ಕೆ ತೆಗೆದು ಗುರುತು ಓದಿದಂತೆಲ್ಲ ಇಸ್ಬೆಲ್ಲಿನ ಮುಖಕ್ಕೆ ರಕ್ತ ಮರಳಿ ಬಂತು. ಅವನದು ಇನ್ನಷ್ಟು ಬಿಳಿಚಿತು.

"ಒಬ್ಬ ಕದ್ರೆ ಕಳ್ಳತನ. ಎಲ್ರೂ ಕದ್ರೆ ಪದ್ಧತಿ. ಟೆಲ್ಫರಂದು ಇಲ್ಲೇ ಇರ್ಲಿ, ಅದ್ರಲ್ಲಿ ನನ್ನ ಹೊಲಿಗೆ ಇದೆ. ಈ ಮೂರು ತಗೊಂಡು ಹೋಗು. ನೀನು ಏನೂ ಹೇಳ್ಬೇಡ, ಅವ್ರೇ ಬಿಚ್ಲಿ" ಎಂದಳು ಇಸ್ಬೆಲ್.

ಮರುದಿನ ಸಭೆಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ಕಿಟಕಿಯಾಚೆ, ಅಂಗಳದಲ್ಲಿ, ಕಿವಿ ಮೊಳೆ ಹೊಡೆಯುವ ಕಂಬ ನೇರವಾಗಿ ಕಾಣುತ್ತಿತ್ತು. ಯಾರೋ ಆಗಲೇ ಅದರ ಬುಡದ ಹುಲ್ಲು ಕೀಳಿಸಿದ್ದರು. ಹೈರಮ್ ಮೂರು ಕಟ್ಟನ್ನು ಮೇಜಿನ ಮೇಲಿಟ್ಟು ನಿಂತ. ಟೆಲ್ಫರ್ ಅವನನ್ನೇ ನೋಡುತ್ತಿದ್ದ.

"ಮಾತಾಡೋ. ಬೀಗ ಹಾಕಿದ್ಯಾ ಇಲ್ವಾ?" ಎಂದು ಕೇಳಿದ ಗಿಲ್‌ಕ್ರಿಸ್ಟ್.

ಹೈರಮ್ ಕಟ್ಟುಗಳ ಕಡೆ ಬೆರಳು ತೋರಿಸಿದ. ಗುಮಾಸ್ತ ಮೊದಲನೆಯದನ್ನು ಬಿಚ್ಚಿದ. ಪಾಸಮ್. ಚಕ್ಕೆ ಉರುಳಿ ಮೇಜಿನ ಮೇಲೆ ಬಿತ್ತು. ಗುಮಾಸ್ತ ಎತ್ತಿ ನೋಡಿದ, "ಇದೇನಿದು?"

"ಹಂದಿಗುರುತು. ಯಾರು ತಂದ್ರೋ ಅವ್ರದ್ದು" ಎಂದ ಹೈರಮ್, ತನಗೇ ಕೇಳಿಸದಷ್ಟು ಮೆಲ್ಲಗೆ.

ಚಕ್ಕೆ ಕೈಯಿಂದ ಕೈಗೆ ಹೋಯಿತು. ಯಾರೂ ಹೆಸರು ಹೇಳಲಿಲ್ಲ. ಎಲ್ಲರ ಕಣ್ಣೂ ತಾನಾಗಿ ಸಭಾಪತಿಯ ಕುರ್ಚಿಯ ಕಡೆ ತಿರುಗಿದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ, ಕೋಣೆಯ ತುಂಬ ಜನ ಕಾಲು ಹಿಂದಕ್ಕೆಳೆದುಕೊಂಡು ನೆಟ್ಟಗೆ ಕೂತರು. ಎರಡನೆಯ ಕಟ್ಟಿನ ಚಕ್ಕೆ ಸಂಬಳ ಹೆಚ್ಚಲಿ ಎನ್ನುವ ಪಕ್ಷದವನದು. ಮೂರನೆಯದನ್ನು ಗುಮಾಸ್ತ ಗಿಲ್‌ಕ್ರಿಸ್ಟನ ಕೈಗೇ ಕೊಟ್ಟ. ಎಡಗಿವಿಯ ತುದಿ ಚೂಪು. ಹಿರಿಯ ಅದನ್ನು ಬಹಳ ಹೊತ್ತು ನೋಡಿದ. ತನ್ನ ಹಂದಿಯ ಗುರುತು ಮರೆಯುವಷ್ಟು ವಯಸ್ಸು ಅವನಿಗಾಗಿರಲಿಲ್ಲ.

"ಸಾಕು" ಎಂದ.

ಹೈರಮನಿಗೆ ಅದು ಬೈಗುಳದಂತೆ ಕೇಳಿಸಿತು. ತಾನು ಕೆಲಸವನ್ನು ಅರ್ಧಕ್ಕೆ ಬಿಟ್ಟೆನೆಂದು ಸಿಟ್ಟಾದರೋ ಎಂದು ಹೆದರಿ, ತೊದಲುತ್ತ ಕೇಳಿದ, "ಇನ್ನೂ ಹದಿನಾರು ಇವೆ ಸ್ವಾಮಿ. ತರ್ಲಾ?"

ಹೆದರಿ ಕೇಳಿದ ಮಾತು ಅದು, ದೇವರಾಣೆಗೂ ಅದರಲ್ಲಿ ಬೇರೆ ಅರ್ಥವಿರಲಿಲ್ಲ. ಆದರೆ ಇಪ್ಪತ್ತನಾಲ್ಕು ಜನರಿಗೂ ಅದು ಬೆದರಿಕೆಯಾಗಿ ಕೇಳಿಸಿತು. ಟೆಲ್ಫರನ ಹಣೆಯಲ್ಲಿ ಬೆವರಿತ್ತು.

ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಸಂಬಳ ಮೂರು ತೊಗಲೇ ಇರಲಿ, ಏರಿಸುವುದೂ ಬೇಡ, ಇಳಿಸುವುದೂ ಬೇಡ. ರಕೂನಿನ ಬಾಲವಿರುವ ತೊಗಲು ರಕೂನಿನ ತೊಗಲೇ ಎಂದು ತಿಳಿಯತಕ್ಕದ್ದು. ಎಲ್ಲರೂ ಕೈಯೆತ್ತಿದರು. ಉಗ್ರಾಣದವನು ಪ್ರಾಮಾಣಿಕನೆಂದು ಒಂದು ಸಾಲನ್ನೂ ಬರೆಸಿದರು. ಹೈರಮನಿಂದ ಚಕ್ಕೆಗಳನ್ನೆಲ್ಲ ತರಿಸಿ, ಗಿಲ್‌ಕ್ರಿಸ್ಟ್ ತನ್ನ ಕೈಯಾರೆ ಒಲೆಗೆ ಹಾಕಿದ.

ಮನೆಗೆ ಬಂದ ಹೈರಮ್ ಕಿವಿ ಮುಟ್ಟಿಕೊಂಡು ಅತ್ತ. ಇಸ್ಬೆಲ್ ನಕ್ಕಳು. ಬದುಕಿದೆವು ಎಂದುಕೊಂಡರು ಇಬ್ಬರೂ.

ಚಕ್ಕೆ ಸುಟ್ಟರು, ತಲೆಯೊಳಗಿನದನ್ನು ಸುಡುವುದು ಹೇಗೆ? ಹೈರಮನಿಗೆ ಹತ್ತೊಂಬತ್ತೂ ನೆನಪಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಗಿರಣಿಯಲ್ಲಿ ಅವನನ್ನು ಕಂಡರೆ ಮಾತು ನಿಲ್ಲುತ್ತಿತ್ತು. ಹಿಂದೆ ಗೇಲಿ ಮಾಡುತ್ತಿದ್ದವರು ಈಗ ಟೋಪಿ ತೆಗೆದು ಕ್ಷೇಮ ಕೇಳುತ್ತಿದ್ದರು. ಟೆಲ್ಫರ್ ಪಡಖಾನೆಯಲ್ಲಿ ತನ್ನ ಪಕ್ಕದ ಜಾಗ ಬಿಟ್ಟುಕೊಟ್ಟು, "ಬಾರಪ್ಪ, ಕೂತ್ಕೋ" ಎನ್ನುತ್ತಿದ್ದ. ಆ ಮರ್ಯಾದೆಗಿಂತ ಹಳೆಯ ಗೇಲಿಯೇ ವಾಸಿಯಾಗಿತ್ತು. ಅವನು ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಿದ್ದ. ಅಕ್ಟೋಬರಿನಲ್ಲಿ ತೆನೆ ಸುಲಿಯಲು ಕರೆದರೆ ಒಬ್ಬರೂ ಬರಲಿಲ್ಲ. ಗಂಡ ಹೆಂಡತಿ ಇಬ್ಬರೇ ಕೂತು ಆರು ದಿನ ಸುಲಿದರು.

ಏಳನೆಯ ದಿನ, ನಡುಹಗಲಲ್ಲಿ, ಗಿರಣಿಯ ಕೆಳಗೆ ಹೊಳೆ ದಾಟುವಾಗ ಮುಖಕ್ಕೆ ಮಸಿ ಬಳಿದುಕೊಂಡ ಮೂವರು ಅವನನ್ನು ನೀರಿಗೆ ಕೆಡವಿದರು. ಇಬ್ಬರು ಹಿಡಿದುಕೊಂಡರು. ಮೂರನೆಯವನು ಒಂದು ಮಾತೂ ಆಡಲಿಲ್ಲ. ಅವನು ಎರಡು ಬೆರಳಲ್ಲಿ ಕಿವಿಯ ತುದಿ ಹಿಡಿದದ್ದು ಮಾತ್ರ ಹೈರಮನಿಗೆ ಗೊತ್ತಾಯಿತು. ಆ ಹಿಡಿತ ಅವನಿಗೆ ಗುರುತಿತ್ತು.

ಗಾಯ ತೊಳೆಯುವಾಗ ಇಸ್ಬೆಲ್ ನೋಡಿದಳು, ಕಿವಿ ಬುಡಕ್ಕೇ ಕತ್ತರಿಸಿ ಹೋಗಿತ್ತು. ಹಲ್ಲಿನ ಗಾಯ ಅಷ್ಟು ನೇರವಾಗಿರುವುದಿಲ್ಲ.

ಮೂರನೆಯ ದಿನ ಟೆಲ್ಫರನೂ ಗಿಲ್‌ಕ್ರಿಸ್ಟನೂ ಒಟ್ಟಿಗೆ ಬಂದರು. ಅವರಿಬ್ಬರೂ ಒಂದೇ ಬೆಂಚಿನ ಮೇಲೆ ಕೂತದ್ದನ್ನು ಕಣಿವೆಯಲ್ಲಿ ಯಾರೂ ಕಂಡಿರಲಿಲ್ಲ. ಹೈರಮ್ ಒಲೆಯ ಪಕ್ಕ, ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ.

"ಕೆಟ್ಟ ಜಗಳ. ಕುಡಿದೋರು ಕಚ್ಚಿಬಿಟ್ರು. ನಾವಿಬ್ರೂ ದಡದ ಮೇಲಿಂದ ಕಣ್ಣಾರೆ ನೋಡಿದ್ವಿ" ಎಂದ ಗಿಲ್‌ಕ್ರಿಸ್ಟ್. ಅವನು ಹೈರಮನ ಮುಖ ನೋಡಲಿಲ್ಲ.

"ಎರಡೂ ಕಿವಿ ಇಲ್ದೋನು ಕಾಗದ ಇಲ್ದೆ ಓಡಾಡಿದ್ರೆ ಜನ ಏನಂದ್ಕೋತಾರೆ?" ಎಂದ ಟೆಲ್ಫರ್. "ಕೋರ್ಟಿಗೆ ಬಾ. ನಾವು ಸಾಕ್ಷಿ ಹೇಳ್ತೀವಿ. ಕಚ್ಚಿದ್ದು ಅಂತ ಬರೀತಾರೆ."

ಇಸ್ಬೆಲ್ ಎದ್ದು ಬೆಂಕಿ ಕೆದಕುವ ಕಬ್ಬಿಣ ಹಿಡಿದಳು. ಹೈರಮ್ ಅವಳ ಕೈ ಹಿಡಿದು ಕೂರಿಸಿದ. ಅವನಿಗೆ ಎಲ್ಲ ಅರ್ಥವಾಗಿತ್ತು. ಆ ಕಾಗದವಿಲ್ಲದಿದ್ದರೆ ಇನ್ನು ಬದುಕಿರುವವರೆಗೆ ಅವನು ಕಳ್ಳ. ಅದನ್ನು ಕೊಡಬಲ್ಲವರೂ, ಅವನು ಬಾಯಿಬಿಟ್ಟರೆ ಅದು ಸುಳ್ಳೆನ್ನಬಲ್ಲವರೂ ಇವರಿಬ್ಬರೇ.

"ದೊಡ್ಡ ಉಪಕಾರ ಆಯ್ತು ಸ್ವಾಮಿ" ಎಂದ.

ಸೋಮವಾರ ಕೋರ್ಟಿನಲ್ಲಿ ಗುಮಾಸ್ತ ಕಾಗದ ಬರೆದ. ಇಬ್ಬರು ಗಣ್ಯರು ಪ್ರಮಾಣ ಮಾಡಿ ರುಜು ಹಾಕಿದರು. ಬರವಣಿಗೆಯ ಶುಲ್ಕ ಒಂದು ರಕೂನ್ ತೊಗಲು. ಆ ವರ್ಷದ ಸಂಬಳವೆಂದು ಹೈರಮನಿಗೆ ಉಗ್ರಾಣದಿಂದ ಎರಡು ಕಟ್ಟು ಕೊಟ್ಟಿದ್ದರು. ಇಸ್ಬೆಲ್ ಅದರಿಂದಲೇ ಒಂದನ್ನು ಎಳೆದು ತಂದಿದ್ದಳು. ಅದರ ಬಾಲದ ಬುಡದಲ್ಲಿ ಕಂದು ದಾರವಿತ್ತು, ಮೂರು ಹೊಲಿಗೆಗೊಮ್ಮೆ ಒಂದು ಗಂಟಿತ್ತು. ಅವಳು ಅದನ್ನು ಟೆಲ್ಫರನ ಕಣ್ಣ ಮುಂದೆಯೇ ಮೇಜಿನ ಮೇಲಿಟ್ಟಳು. ಅವನು ಕಿಟಕಿಯ ಕಡೆ ನೋಡಿದ.

ಗುಮಾಸ್ತ ಬಾಲವನ್ನು ಒಮ್ಮೆ ಸವರಿ, ಒಂದು ಎಂದು ಎಣಿಸಿ, ತೊಗಲನ್ನು ಮೂಲೆಗೆ ಎಸೆದು, ಕಾಗದವನ್ನು ಹೈರಮನ ಕಡೆ ಸರಿಸಿದ. ಹೊರಗೆ ಎಲ್ಲೋ ಗುಡುಗಿತು. ಹೈರಮನ ಬಲಗೈ ತಾನಾಗಿ ಮೇಲೆದ್ದು ಹೋಯಿತು, ಅಲ್ಲಿ ಮುಟ್ಟಲು ಬಟ್ಟೆ ಬಿಟ್ಟು ಏನೂ ಇರಲಿಲ್ಲ.